ಹಚ್ಚಿದವರು ಯಾರು ಎಂಬುದರ ಆಚೆ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಗುಡ್ಡಗಳ ಮೇಲೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೊಗೆ ಕಾಣಿಸಿತೆಂದರೆ ಸುತ್ತಲಿನ ಊರು, ತಾಂಡಾಗಳಲ್ಲಿ ಮೊದಲು ಹುಟ್ಟುವ ಮಾತು ಒಂದೇ: “ಯಾರ್ ಹಚ್ಚ್ಯಾರ್ರೀ?” ಬೆಂಕಿ ಎಷ್ಟು ದೂರ ಹಬ್ಬಿದೆ, ಗಾಳಿ ಯಾವ ದಿಕ್ಕಿಗಿದೆ, ದನ ಮೇಯಿಸಲು ಹೋದವರು ಮರಳಿದರೇ ಎಂಬುದೆಲ್ಲ ಆಮೇಲಿನ ವಿಚಾರ. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ಭಾಗದ ಎಲೆಯುದುರುವ ಒಣ ಕಾಡಿನಲ್ಲಿ ಬೇಸಿಗೆಯ ಬೆಂಕಿಯ ಹಿಂದೆ ಬಹುಮಟ್ಟಿಗೆ ಮನುಷ್ಯನ ಕೈಯೇ ಇರುತ್ತದೆ. ಸೇದಿ ಎಸೆದ ಬೀಡಿಯ ತುಂಡು, ಬದುವಿನ ಕಸಕ್ಕೆ ಕೊಟ್ಟ ಬೆಂಕಿ, ಮಳೆ ಬಿದ್ದೊಡನೆ ಹೊಸ ಹುಲ್ಲು ಚಿಗುರಲಿ ಎಂದು ಗೀರಿದ ಕಡ್ಡಿ, ಇವುಗಳಲ್ಲಿ ಯಾವುದಾದರೊಂದು ಕೊನೆಗೆ ಹೊರಬೀಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕಾಗಿ ಬಂದಾಗಲೂ ರಾಜ್ಯದ ಚರ್ಚೆ ಕಿಡಿಗೇಡಿಗಳ ಸುತ್ತಲೇ ತಿರುಗಿತು. ಆದರೆ ಅದೇ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾದ ಬ್ಲೂ ಮೌಂಟೇನ್ಸ್ ಸೀಮೆಯಲ್ಲಿ ನಡೆದದ್ದನ್ನು ಬಿಡಿಬಿಡಿಯಾಗಿ ಓದುತ್ತ ಹೋದ ಮೇಲೆ, ಈ ಪ್ರಶ್ನೆಯೊಂದನ್ನೇ ಹಿಡಿದು ಕುಳಿತರೆ ಕಾಡಿನ ಬೆಂಕಿ ಅರ್ಥವಾಗುವುದಿಲ್ಲ ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಓದಲು ಕಾರಣ ಮನೆಯದು. ಅಣ್ಣನ ಮಗ ಸಿಡ್ನಿಯ ಪಶ್ಚಿಮ ಅಂಚಿನ ಪೆನ್ರಿತ್‌ನಲ್ಲಿ ಸಂಸಾರ ಹೂಡಿದ್ದಾನೆ. ಅಲ್ಲಿಂದ ನೇಪಿಯನ್ ನದಿ ದಾಟಿದರೆ ಗುಡ್ಡದ ಏರು ಶುರುವಾಗುತ್ತದೆ. ಆ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಯಲ್ಲಿ ತೊಗರಿಯ ರಾಶಿ, ಧಾರಣೆಗಳ ಮಾತಿನ ನಡುವೆ ಗಾಸ್ಪರ್ಸ್ ಮೌಂಟನ್, ಬಿಲ್ಪಿನ್, ಬ್ಲ್ಯಾಕ್‌ಹೀತ್ ಎಂಬ ಹೆಸರುಗಳು ಸೇರಿಕೊಂಡವು. ನಮ್ಮ ಅತ್ತಿಗೆ ಅವನ್ನು ಸೇಡಂ, ಕಾಳಗಿಯಷ್ಟೇ ಸಲೀಸಾಗಿ ಉಚ್ಚರಿಸತೊಡಗಿದ್ದರು.

2019ರ ಅಕ್ಟೋಬರ್ 26ರಂದು ವಾಲೆಮೈ ರಾಷ್ಟ್ರೀಯ ಉದ್ಯಾನದೊಳಗೆ, ಗಾಸ್ಪರ್ಸ್ ಮೌಂಟನ್ ಎಂಬ ಜನವಸತಿಯಿಲ್ಲದ ಗುಡ್ಡದ ಬಳಿ ಸಿಡಿಲು ಬಿದ್ದು ಬೆಂಕಿ ಹತ್ತಿತು. ಅಲ್ಲಿ ರಸ್ತೆಯಿಲ್ಲ, ಹೊಲವಿಲ್ಲ, ಬೀಡಿ ಸೇದುವವರಿಲ್ಲ. ಕಡಿದಾದ ಮರಳುಗಲ್ಲಿನ ಕಮರಿಗಳ ನಡುವಿನ ಆ ಬೆಂಕಿ ವಾರಗಳ ಕಾಲ ಹಬ್ಬಿ, ಅಕ್ಕಪಕ್ಕದ ಬೆಂಕಿಗಳೊಂದಿಗೆ ಕೂಡಿಕೊಂಡು, 2020ರ ಜನವರಿ ಎರಡನೆಯ ವಾರದಲ್ಲಿ ಹತೋಟಿಗೆ ಬರುವ ಹೊತ್ತಿಗೆ 5,12,000 ಹೆಕ್ಟೇರಿಗೂ ಹೆಚ್ಚು ನೆಲವನ್ನು ಸುಟ್ಟಿತ್ತು. ಹೆಕ್ಟೇರಿನ ಲೆಕ್ಕ ಕಣ್ಣಿಗೆ ಕಟ್ಟುವುದಿಲ್ಲ. ಸುರಪುರ, ಶಹಾಪುರ, ಗುರುಮಠಕಲ್ ಎಲ್ಲವೂ ಸೇರಿದ ನಮ್ಮ ಯಾದಗಿರಿ ಜಿಲ್ಲೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟು ನೆಲ ಒಂದೇ ಬೆಂಕಿಯ ಹೆಸರಿನಲ್ಲಿ ಕರಕಲಾಯಿತು. 134.88 ಚದರ ಕಿಲೋಮೀಟರಿನ ಚಿಂಚೋಳಿ ವನ್ಯಜೀವಿಧಾಮದಂಥವು ಅದರೊಳಗೆ ಮೂವತ್ತೇಳೆಂಟು ಹಿಡಿದಾವು. ದಕ್ಷಿಣಕ್ಕೆ ಗ್ರೀನ್ ವಾಟಲ್ ಕ್ರೀಕ್ ಎಂಬ ಇನ್ನೊಂದು ದೊಡ್ಡ ಬೆಂಕಿ ಬೇರೆ ಇತ್ತು. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ, ಹತ್ತು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಗ್ರೇಟರ್ ಬ್ಲೂ ಮೌಂಟೇನ್ಸ್ ಪ್ರದೇಶದಲ್ಲಿ ಆ ಋತು ಮುಗಿಯುವಷ್ಟರಲ್ಲಿ ಸುಮಾರು ಶೇ 80ರಷ್ಟು ಭಾಗಕ್ಕೆ ಬೆಂಕಿ ತಾಗಿತ್ತು.

ಈ ಬೆಟ್ಟಸೀಮೆಯ ರಚನೆಯನ್ನು ತಿಳಿಯದೆ ಬೆಂಕಿಯ ನಡೆ ತಿಳಿಯುವುದಿಲ್ಲ. ನಾವು ಬೆಟ್ಟ ಎಂದರೆ ಊರು ಕೆಳಗೆ, ಕಾಡು ಮೇಲೆ ಎಂದುಕೊಳ್ಳುತ್ತೇವೆ; ಅಲ್ಲಿ ಅದು ತಿರುಗುಮುರುಗಾಗಿದೆ. ಎತ್ತರದ ಮರಳುಗಲ್ಲಿನ ಪ್ರಸ್ಥಭೂಮಿಯನ್ನು ನದಿಗಳು ಸೀಳಿ ಆಳವಾದ ಕಣಿವೆಗಳನ್ನು ಮಾಡಿವೆ. ಕಟೂಂಬಾ, ಬ್ಲ್ಯಾಕ್‌ಹೀತ್ ಮುಂತಾದ ಊರುಗಳು ರೈಲು ಹಳಿ ಮತ್ತು ಗ್ರೇಟ್ ವೆಸ್ಟರ್ನ್ ಹೆದ್ದಾರಿಯ ಗುಂಟ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಕುಳಿತಿವೆ. ಎರಡೂ ಬದಿಗೆ ಕೆಳಗೆ ದಟ್ಟ ಕಾಡು. ಬೆಂಕಿಗೆ ಏರು ಎಂದರೆ ಪ್ರೀತಿ. ಕೆಳಗಿನ ಜ್ವಾಲೆಯ ಕಾವು ಮೇಲಿನ ಗಿಡಗಳನ್ನು ಮುಂಚಿತವಾಗಿಯೇ ಒಣಗಿಸಿ ಸಿದ್ಧಪಡಿಸುತ್ತದೆ. ಇಳಿಜಾರು ಹತ್ತು ಡಿಗ್ರಿ ಕಡಿದಾದಂತೆಲ್ಲ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಲ್ಲಿನ ಅಗ್ನಿಶಾಮಕರು ಲೆಕ್ಕಕ್ಕೆ ಹಿಡಿಯುವ ಸೂತ್ರ. ಹಾಗಾಗಿ ಕಣಿವೆಯ ತಳದಲ್ಲಿ ಉರಿಯುವ ಬೆಂಕಿ ನೆತ್ತಿಯ ಮೇಲಿನ ಊರಿಗೆ ದೂರದ ಬೆಂಕಿಯಲ್ಲ.

ಇನ್ನು ಮರಗಳು. ಅಲ್ಲಿನವು ಬಹುಪಾಲು ನೀಲಗಿರಿಯ ಬಳಗದವು. ನಮ್ಮ ರಸ್ತೆಬದಿಯಲ್ಲಿ, ಗೋಮಾಳಗಳಲ್ಲಿ ಸಾಮಾಜಿಕ ಅರಣ್ಯದವರು ಸಾಲುಸಾಲಾಗಿ ನೆಟ್ಟ ನೀಲಗಿರಿಯನ್ನು ಕಂಡವರಿಗೆ ಈ ಮರದ ಗುಣ ಗೊತ್ತು. (2017ರಲ್ಲಿ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು; ಅದಕ್ಕೆ ಕಾರಣ ಅಂತರ್ಜಲ, ಬೆಂಕಿಯಲ್ಲ.) ಎಲೆಯನ್ನು ಹಿಸುಕಿದರೆ ಎಣ್ಣೆಯ ವಾಸನೆ, ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು ಕಾಂಡಕ್ಕೆ ಜೋತುಬಿದ್ದಿರುತ್ತದೆ. ನೆಲದ ಬೆಂಕಿ ಆ ಪಟ್ಟಿಗಳನ್ನು ಹಿಡಿದು ತುದಿಗೇರುತ್ತದೆ, ಗಾಳಿ ಉರಿಯುವ ತುಂಡುಗಳನ್ನು ಕಿತ್ತು ಕಿಲೋಮೀಟರುಗಟ್ಟಲೆ ಮುಂದಕ್ಕೆ ಒಯ್ದು ಚೆಲ್ಲುತ್ತದೆ. ಅಂಥ ಬೆಂಕಿಗೆ ಸಾಲುಗುಂಡಿ, ರಸ್ತೆ, ಹಳ್ಳ ಯಾವುದೂ ಗಡಿಯಾಗುವುದಿಲ್ಲ. ಆ ಡಿಸೆಂಬರಿನಲ್ಲಿ ಅಣ್ಣನ ಮಗ ಕಳಿಸಿದ ಚಿತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಕಿತ್ತಳೆ ಬಣ್ಣದ ಆಕಾಶವಲ್ಲ, ಅವನ ಕಾರಿನ ಮುಂಭಾಗದ ಮೇಲೆ ಬಿದ್ದಿದ್ದ ಒಂದು ನೀಲಗಿರಿ ಎಲೆ. ಕುಡುಗೋಲಿನ ಆಕಾರ ಪೂರ್ತಿ ಹಾಗೆಯೇ ಇತ್ತು, ನಡುನರ ಬೂದುಗೆರೆಯಾಗಿ ಕಾಣುತ್ತಿತ್ತು, ಉಳಿದದ್ದೆಲ್ಲ ಕಪ್ಪು. ಬೆರಳು ತಾಗಿಸಿದೊಡನೆ ಪುಡಿಯಾಯಿತಂತೆ. ಅದು ತಣ್ಣಗಾಗಿ ಬಿದ್ದ ಎಲೆ. ಕೆಂಡವಾಗಿಯೇ ಬಿದ್ದಿದ್ದರೆ, ಮಾಡಿನ ದೋಣಿಯಲ್ಲಿ ಒಣ ಎಲೆ ತುಂಬಿಕೊಂಡ ಮನೆಯೊಂದಕ್ಕೆ ಅಷ್ಟೇ ಸಾಕಿತ್ತು.

ಆದರೆ ಈ ಏರು, ಈ ಮರ, ಈ ಸಿಡಿಲು ಎಲ್ಲ ವರ್ಷವೂ ಇರುತ್ತವೆ. 2019ರಲ್ಲಿ ಬೇರೆಯಾಗಿದ್ದದ್ದು ಒಣಗು. ನ್ಯೂ ಸೌತ್ ವೇಲ್ಸ್ 2017ರಿಂದಲೇ ಬರದಲ್ಲಿತ್ತು. ಇಡೀ ಆಸ್ಟ್ರೇಲಿಯಾಕ್ಕೆ ದಾಖಲೆಯಲ್ಲಿ ಅತಿ ಬಿಸಿಯ ಮತ್ತು ಅತಿ ಕಡಿಮೆ ಮಳೆಯ ವರ್ಷ 2019. ಸಾಮಾನ್ಯ ವರ್ಷಗಳಲ್ಲಿ ಆ ಬೆಟ್ಟಗಳ ಕೊರಕಲುಗಳ ತಳದಲ್ಲಿ ತೇವ ನಿಂತಿರುತ್ತದೆ. ಜರೀಗಿಡ, ಪಾಚಿ, ಮಳೆಕಾಡಿನ ಮರಗಳು ಬೆಳೆದ ಆ ತಂಪು ಪಟ್ಟಿಗಳೇ ಬೆಂಕಿಗೆ ಕಟ್ಟಿದ ಒಡ್ಡು. ಒಂದು ದಿಬ್ಬದ ಬೆಂಕಿ ಇಳಿದು ಬಂದು ಅಲ್ಲಿ ನಂದುತ್ತದೆ. ಆ ವರ್ಷ ಕೊರಕಲುಗಳೂ ಒಣಗಿದ್ದವು, ಇಳಿಜಾರಿಗೆ ಅಂಟಿಕೊಂಡಂತಿರುವ ತೂಗುಜೌಗುಗಳ ಮಣ್ಣು ಸಹ ಹೊತ್ತಿಕೊಂಡಿತು. ಒಡ್ಡುಗಳೇ ಇಲ್ಲವಾದ ಮೇಲೆ ಒಂದು ಸಿಡಿಲಿನ ಬದಲು ಹತ್ತು ಸಿಡಿಲು ಬಿದ್ದಿದ್ದರೂ ಕಥೆ ಬಹಳ ಬದಲಾಗುತ್ತಿರಲಿಲ್ಲ.

ಈ ಒಣಗಿನ ಒಂದು ಕಾರಣ ನಮ್ಮ ಪಾಲಿನ ಕಡಲಿನಲ್ಲೇ ಇತ್ತು ಎಂಬುದು ನನ್ನನ್ನು ಹೆಚ್ಚು ಹಿಡಿದ ಸಂಗತಿ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಅಂದರೆ ಆಫ್ರಿಕಾದ ಕಡೆಯದು, ವಾಡಿಕೆಗಿಂತ ಬಿಸಿಯಾಗಿ, ಸುಮಾತ್ರಾ ಕಡೆಯ ಪೂರ್ವ ಭಾಗ ತಣ್ಣಗಾಗುವ ಸ್ಥಿತಿಯನ್ನು ಹವಾಮಾನದವರು ಧನಾತ್ಮಕ ಹಿಂದೂ ಮಹಾಸಾಗರ ದ್ವಿಧ್ರುವ ಎನ್ನುತ್ತಾರೆ. 2019ರದ್ದು ದಾಖಲೆಯಲ್ಲೇ ಅತಿ ಪ್ರಬಲವಾದವುಗಳಲ್ಲಿ ಒಂದು. ಅದು ಬಂದಾಗ ಪೂರ್ವ ಆಫ್ರಿಕಾಕ್ಕೆ ಮಳೆ ಹೆಚ್ಚುತ್ತದೆ, ನಮ್ಮ ಮುಂಗಾರಿಗೆ ಬಲ ಬರುವುದುಂಟು, ಆಸ್ಟ್ರೇಲಿಯಾದ ಕಡೆ ಸಾಗುವ ತೇವ ತಗ್ಗುತ್ತದೆ. ಆ ವರ್ಷ ದೇಶದ ಮುಂಗಾರು ಜೂನ್‌ನಲ್ಲಿ ಕೈಕೊಟ್ಟರೂ ಕೊನೆಗೆ ವಾಡಿಕೆಯ ಶೇ 110ಕ್ಕೆ ಮುಟ್ಟಿತು. ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಕೃಷ್ಣೆಯಲ್ಲಿ ಬಂದು, ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರಿಗೆ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿದ್ದು ಈ ಭಾಗದವರಿಗೆ ಮರೆತಿರಲಿಕ್ಕಿಲ್ಲ. ಆ ನೆರೆಗೆ ದ್ವಿಧ್ರುವವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಒಂದು ಋತುವಿನ ಮಳೆಗೂ ಒಂದು ವಾರದ ಮಳೆಗೂ ನಡುವೆ ಬೇರೆ ಕಾರಣಗಳಿರುತ್ತವೆ. ಆದರೆ ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯತೊಡಗಿದ್ದೇ ಅಕ್ಟೋಬರ್ 9ಕ್ಕೆ, ಅದುವರೆಗಿನ ದಾಖಲೆಯಲ್ಲೇ ಅತಿ ತಡವಾಗಿ. ಮಳೆಯ ಪಟ್ಟಿ ನಮ್ಮ ಮೇಲೆ ನಿಂತಷ್ಟು ಕಾಲ ದಕ್ಷಿಣಕ್ಕೆ ಇಳಿಯಲಿಲ್ಲ, ಆಸ್ಟ್ರೇಲಿಯಾದ ಉತ್ತರಕ್ಕೂ ಮಳೆಗಾಲ ತಡವಾಯಿತು, ಅಷ್ಟರಲ್ಲಿ ಆ ಖಂಡದ ಒಡಲಿನಲ್ಲಿ ಬಿಸಿ ಗಾಳಿ ಕೂಡಿಬಿಟ್ಟಿತ್ತು. ಗಾಸ್ಪರ್ಸ್ ಮೌಂಟನ್ನಿನ ಸಿಡಿಲು ಬಿದ್ದದ್ದು ಅದಾದ ಎರಡೂವರೆ ವಾರಕ್ಕೆ. ಸೇತುವೆ ಮುಳುಗಿದ ಸುದ್ದಿಯನ್ನೂ ಬೆಟ್ಟ ಉರಿದ ಸುದ್ದಿಯನ್ನೂ ನಾವು ಬೇರೆ ಬೇರೆ ಪುಟಗಳಲ್ಲಿ ಓದಿದೆವು.

ಮುಂದಿನದು ವೇಗವಾಗಿ ನಡೆಯಿತು. ನವೆಂಬರ್ 12ಕ್ಕೆ ಮಹಾ ಸಿಡ್ನಿ ಪ್ರದೇಶಕ್ಕೆ ಮೊದಲ ಬಾರಿಗೆ ‘ಕ್ಯಾಟಸ್ಟ್ರಾಫಿಕ್’ ಮಟ್ಟದ ಬೆಂಕಿ ಅಪಾಯದ ಮುನ್ಸೂಚನೆ ಬಂತು. 2009ರ ವಿಕ್ಟೋರಿಯಾ ರಾಜ್ಯದ ಕಾಳ್ಗಿಚ್ಚಿನ ದುರಂತದ ಬಳಿಕ ಸೇರಿಸಿದ ಅತ್ಯುನ್ನತ ಮಟ್ಟ ಅದು. ಡಿಸೆಂಬರ್ 18ರಂದು ಇಡೀ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 41.9 ಡಿಗ್ರಿ ಮುಟ್ಟಿತು. ಜನವರಿ 4ರಂದು ಪೆನ್ರಿತ್‌ನಲ್ಲಿ 48.9. ಮೇ ತಿಂಗಳ ಕಲಬುರಗಿಯನ್ನು ಉಂಡವರು ನಾವು, 43–44ಕ್ಕೆ ನಾವು ಹೆದರುವುದಿಲ್ಲ. ಆದರೂ ಆ ಸಂಖ್ಯೆಯನ್ನು ಫೋನಿನಲ್ಲಿ ಕೇಳಿದ ಅಣ್ಣ ಎರಡು ಸಲ ಹೇಳಿಸಿಕೊಂಡ. ದೇಶದಾದ್ಯಂತ ಆ ಋತುವಿನ ಬೆಂಕಿಗೆ ನೇರವಾಗಿ 33 ಜನ ಸತ್ತರು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಹೊಗೆಯಿಂದ ಸತ್ತವರು 400ಕ್ಕೂ ಹೆಚ್ಚು ಎಂಬ ಅಂದಾಜನ್ನು ವೈದ್ಯವಿಜ್ಞಾನಿಗಳು ಆಮೇಲೆ ಮುಂದಿಟ್ಟರು. ಬೆಂಕಿಯನ್ನು ಕಾಣದೆಯೇ ಸತ್ತವರು ಹತ್ತು ಪಟ್ಟಿಗಿಂತ ಹೆಚ್ಚು ಎಂದಾಯಿತು.

ಈಗ ಹಚ್ಚಿದವರ ವಿಚಾರಕ್ಕೆ ಬರುತ್ತೇನೆ. ಡಿಸೆಂಬರ್ 14ರಂದು ಮೌಂಟ್ ವಿಲ್ಸನ್ ಬಳಿ ಬೆಂಕಿ ಹಚ್ಚಿದವರು ಅಗ್ನಿಶಾಮಕ ಸಿಬ್ಬಂದಿಯೇ. ದೊಡ್ಡ ಬೆಂಕಿ ಬರುವ ಮೊದಲೇ ಅದರ ದಾರಿಯ ಸೌದೆಯನ್ನು ಸುಟ್ಟು ತೆರವು ಮಾಡುವ ಎದುರು ಬೆಂಕಿ ಅದು, ನಮ್ಮ ಅರಣ್ಯದವರ ಬಾಯಲ್ಲಿ ಕೌಂಟರ್ ಫೈರ್. ಅದು ಕೈತಪ್ಪಿತು. ಮೌಂಟ್ ತೋಮಾ, ಬೆರಾಂಬಿಂಗ್, ಬಿಲ್ಪಿನ್ ಕಡೆ ಮನೆಗಳನ್ನು ಸುಟ್ಟು, ಬಳಿಕ ಗ್ರೋಸ್ ಕಣಿವೆಗೆ ಇಳಿಯಿತು. ಮನೆ ಕಳೆದುಕೊಂಡವರ ಸಿಟ್ಟು ಸಹಜವಾದದ್ದು, ವರ್ಷಗಟ್ಟಲೆ ವಿಚಾರಣೆಗಳಲ್ಲಿ ಅದು ದಾಖಲಾಗಿದೆ. ಆದರೂ ಆ ದಿನ ಅಲ್ಲಿ ನಿಂತು ನಿರ್ಧರಿಸಬೇಕಾದವರ ಸ್ಥಿತಿಯನ್ನು ಕುಳಿತಲ್ಲಿಂದ ಅಳೆಯಲು ನನಗೆ ಮನಸ್ಸಿಲ್ಲ. ತೇವವಿದ್ದ ವರ್ಷದಲ್ಲಿ ಅದೇ ಉಪಾಯ ಫಲಿಸುತ್ತಿತ್ತೇನೋ. ಕೊರಕಲೂ ಒಣಗಿದ ವರ್ಷದಲ್ಲಿ ಪಳಗಿದ ಕೈಯ ಬೆಂಕಿಗೂ ಸಿಡಿಲಿನ ಬೆಂಕಿಗೂ ವ್ಯತ್ಯಾಸ ಉಳಿಯಲಿಲ್ಲ.

ಚಿಂಚೋಳಿಯ ಗೊಟ್ಟಂಗೊಟ್ಟ ಕಡೆಯ ಕಾಡಿನಲ್ಲಿ ಬೆಂಕಿ ಆರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಅಲ್ಲಿನ ಬೆಂಕಿಗೂ ನಮ್ಮ ಬೆಂಕಿಗೂ ಇರುವ ಅಂತರ ನನಗೆ ಮುಖ್ಯವೆನಿಸುತ್ತದೆ. ನಮ್ಮ ಕಾಡು ಆ ಹೊತ್ತಿಗೆ ಎಲೆಯನ್ನೆಲ್ಲ ಉದುರಿಸಿ ಬೆತ್ತಲೆ ನಿಂತಿರುತ್ತದೆ, ಹಾಗಾಗಿ ಮೇಲೆ ಉರಿಯಲು ಏನೂ ಇರುವುದಿಲ್ಲ. ಬೆಂಕಿ ನೆಲದ ತರಗೆಲೆಯಲ್ಲಿ, ಒಣ ಹುಲ್ಲಿನಲ್ಲಿ ಮೊಣಕಾಲೆತ್ತರದ ಗೆರೆಯಾಗಿ ಸರಿಯುತ್ತದೆ. ತೇಗದ ಎಲೆ ಅಂಚಿನಿಂದ ಮುದುಡುತ್ತ ಬಂದು, ನಡುವೆ ತೂತಾಗಿ, ಆಮೇಲೆ ಒಮ್ಮೆಲೇ ಭಗ್ಗೆನ್ನುತ್ತದೆ. ಕಾವಲುಗಾರ ಹಸಿ ಟೊಂಗೆಯೊಂದನ್ನು ಮುರಿದುಕೊಂಡು ಗೆರೆಯ ಪಕ್ಕದಲ್ಲಿ ನಡೆಯುತ್ತಾನೆ. ಹೊಸಬರು ಟೊಂಗೆಯನ್ನು ಎತ್ತಿ ಎತ್ತಿ ಬಡಿದು ಕಿಡಿ ಹಾರಿಸುತ್ತಾರೆ. ಬಲ್ಲವನು ಎತ್ತುವುದಿಲ್ಲ, ಜ್ವಾಲೆಯ ಮೇಲೆ ಒತ್ತಿ, ಸುಟ್ಟು ಮುಗಿದ ಕಡೆಗೆ ಎಳೆಯುತ್ತಾನೆ. ಬಿಸಿಲು ಇಳಿದು ಗಾಳಿ ನಿಂತ ಮೇಲೆ ಕೆಲಸ ಹಗುರವಾಗುತ್ತದೆಂದು ಅವರು ಸಂಜೆಗೆ ಕಾಯುವುದೂ ಉಂಟು. ಅಂಥ ಬೆಂಕಿಯ ಎದುರು ಮನುಷ್ಯ ನಿಲ್ಲಬಲ್ಲ. ಮರದೆತ್ತರದ ಜ್ವಾಲೆ, ತನ್ನದೇ ಮೋಡ ಕಟ್ಟಿಕೊಂಡು ತನ್ನದೇ ಸಿಡಿಲು ಹುಟ್ಟಿಸಬಲ್ಲ ಬೆಂಕಿ ನಮ್ಮ ಅನುಭವದಲ್ಲಿಲ್ಲ.

ಆ ದೇಶದಲ್ಲಿಯೂ ‘ಯಾರು ಹಚ್ಚಿದರು’ ಎಂಬ ಮಾತು ಎದ್ದಿತು, ಅದೂ ಬೇಕೆಂದೇ ಎಬ್ಬಿಸಿದ್ದು. 2020ರ ಜನವರಿ ಮೊದಲ ವಾರದಲ್ಲಿ ನ್ಯೂ ಸೌತ್ ವೇಲ್ಸ್ ಪೊಲೀಸರು 183 ಜನರ ಮೇಲೆ ಕ್ರಮ ಕೈಗೊಂಡಿದ್ದಾಗಿ ಪ್ರಕಟಿಸಿದ್ದೇ ತಡ, ನೂರಾ ಎಂಬತ್ತಮೂರು ಕಿಡಿಗೇಡಿಗಳು ದೇಶ ಸುಟ್ಟರು ಎಂಬ ಸುದ್ದಿ ಸಾಮಾಜಿಕ ಜಾಲತಾಣಗಳಲ್ಲಿ ಖಂಡಾಂತರ ಹಾರಿತು. ಪ್ರಕಟಣೆಯನ್ನು ಓದಿದರೆ, ಬೇಕೆಂದೇ ಬೆಂಕಿ ಹಚ್ಚಿದ ಆರೋಪ ಇದ್ದದ್ದು 24 ಜನರ ಮೇಲೆ. 53 ಜನ ಬೆಂಕಿ ನಿಷೇಧದ ದಿನ ನಿಯಮ ಮೀರಿದವರು, 47 ಜನ ಉರಿಯುವ ಸಿಗರೇಟು ಅಥವಾ ಕಡ್ಡಿ ಎಸೆದವರು. ಅತಿ ದೊಡ್ಡ ಬೆಂಕಿ ಸಿಡಿಲಿನದೆಂಬುದು ಆಗಲೇ ಗೊತ್ತಿತ್ತು. ಕಿಡಿಗೇಡಿ ಸಿಕ್ಕರೆ ಎಲ್ಲರಿಗೂ ಅನುಕೂಲ: ಸರ್ಕಾರ ಉತ್ತರಿಸಬೇಕಿಲ್ಲ, ಭೂಮಿಯ ಬಿಸಿ ಏರಿಸುವ ಕಲ್ಲಿದ್ದಲಿನ ಮಾತು ಬರುವುದಿಲ್ಲ, ಓದುಗನಿಗೆ ಬೈಯಲು ಒಂದು ಮುಖ ಸಿಗುತ್ತದೆ. 2019ರ ಏಪ್ರಿಲಿನಲ್ಲೇ 23 ಮಂದಿ ನಿವೃತ್ತ ಅಗ್ನಿಶಾಮಕ, ತುರ್ತುಸೇವಾ ಮುಖ್ಯಸ್ಥರು ಬರಲಿರುವ ಋತುವಿನ ಬಗ್ಗೆ ಎಚ್ಚರಿಸಿ ಪ್ರಧಾನಿಯ ಭೇಟಿ ಕೇಳಿದ್ದರು. ಆ ಭೇಟಿ ಆಗಲಿಲ್ಲ. ಡಿಸೆಂಬರಿನಲ್ಲಿ ಬೆಟ್ಟ ಉರಿಯುತ್ತಿದ್ದಾಗ ಪ್ರಧಾನಿ ಸ್ಕಾಟ್ ಮಾರಿಸನ್ ಕುಟುಂಬದೊಂದಿಗೆ ಹವಾಯಿಗೆ ಹೋಗಿದ್ದು ದೊಡ್ಡ ಗದ್ದಲವಾಯಿತು. ನನಗೆ ಆ ಪ್ರವಾಸಕ್ಕಿಂತ ಏಪ್ರಿಲಿನ ಆಗದ ಭೇಟಿಯೇ ದೊಡ್ಡದಾಗಿ ಕಾಣುತ್ತದೆ.

ಚಳಿಗಾಲದಲ್ಲಿ ತರಗೆಲೆ ಸುಟ್ಟಿದ್ದರೆ ಇದಾಗುತ್ತಿರಲಿಲ್ಲ ಎಂಬ ವಾದವೂ ಜೋರಾಗಿತ್ತು. ಅದರಲ್ಲಿ ಹುರುಳಿಲ್ಲದಿಲ್ಲ. ಊರಂಚಿನಲ್ಲಿ ಸುಟ್ಟು ತೆರವು ಮಾಡಿದ ಪಟ್ಟಿ ಮನೆ ಉಳಿಸಬಹುದು, ಮತ್ತು ಆ ನೆಲದ ಮೂಲನಿವಾಸಿಗಳಾದ ದಾರುಗ್, ಗುಂಡುಂಗುರ್ರಾ ಜನ ಸಾವಿರಾರು ವರ್ಷ ಸಣ್ಣ ತಣ್ಣನೆಯ ಬೆಂಕಿಯಿಂದ ಕಾಡನ್ನು ನೋಡಿಕೊಂಡವರು. ಆದರೆ ಸುಡಲು ತಕ್ಕ ದಿನಗಳೇ ಬರದಲ್ಲಿ ಕಡಿಮೆಯಾಗುತ್ತವೆ. ವಿಪರೀತ ಗಾಳಿ, ವಿಪರೀತ ಒಣಗಿನ ದಿನ ಕೆಲವೇ ವರ್ಷದ ಹಿಂದೆ ಸುಟ್ಟ ಜಾಗವನ್ನೂ ಬೆಂಕಿ ದಾಟಿ ಹೋಗುತ್ತದೆ.

ಉಳಿಸಿದ್ದರ ಕಥೆಯೂ ಒಂದಿದೆ. ವಾಲೆಮೈ ಪೈನ್ ಎಂಬ ಪುರಾತನ ವಂಶದ ಮರವನ್ನು 1994ರಲ್ಲಿ ಉದ್ಯಾನದ ಅಧಿಕಾರಿ ಡೇವಿಡ್ ನೋಬಲ್ ಅಲ್ಲಿನ ಕಮರಿಯೊಂದರಲ್ಲಿ ಕಂಡರು. ಅದುವರೆಗೆ ಪಳೆಯುಳಿಕೆಗಳಲ್ಲಷ್ಟೇ ಅದರ ಬಳಗದ ಪರಿಚಯವಿತ್ತು. ಕಾಡಿನಲ್ಲಿರುವುದು ಇನ್ನೂರಕ್ಕೂ ಕಡಿಮೆ, ಜಾಗವನ್ನು ಗುಟ್ಟಾಗಿ ಇಟ್ಟಿದ್ದಾರೆ. ಬೆಂಕಿ ಸಮೀಪಿಸಿದಾಗ ಸಿಬ್ಬಂದಿ ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಕಮರಿಗಿಳಿದು ನೀರು ಚಿಮುಕಿಸುವ ಪೈಪುಗಳನ್ನು ಹೂಡಿದರು, ಮೇಲಿನಿಂದ ವಿಮಾನಗಳು ಬೆಂಕಿ ತಡೆಯುವ ದ್ರವ ಸುರಿದವು. ಕೆಲವು ಮರ ಸುಟ್ಟರೂ ತೋಪು ಉಳಿಯಿತು. ಅವರು ಮಾಡಿದ್ದಿಷ್ಟೇ, ಇಲ್ಲವಾಗಿದ್ದ ತೇವವನ್ನು ಒಂದು ಕಮರಿಗೆ ಕೈಯಾರೆ ಮರಳಿ ಕೊಟ್ಟರು. ಇಡೀ ಬೆಟ್ಟಕ್ಕೆ ಅದನ್ನು ಕೊಟ್ಟದ್ದು ಮಾತ್ರ ಫೆಬ್ರವರಿಯ ಮಳೆ: 7ರಿಂದ 10ರವರೆಗೆ ನಾಲ್ಕೇ ದಿನದಲ್ಲಿ ಸಿಡ್ನಿಗೆ ಸುಮಾರು 390 ಮಿಲಿಮೀಟರ್.

ಇಲ್ಲಿಂದ ಚಿಂಚೋಳಿಗೆ ನೇರವಾಗಿ ಪಾಠ ಎತ್ತಿಕೊಂಡು ಬರಲಾಗದು, ಏಕೆಂದರೆ ಎರಡು ಕಾಡುಗಳ ಲೆಕ್ಕ ಒಂದಕ್ಕೊಂದು ಎದುರಾಗಿದೆ. ಬ್ಲೂ ಮೌಂಟೇನ್ಸ್‌ನಲ್ಲಿ ಸೌದೆ ಯಾವಾಗಲೂ ಇರುತ್ತದೆ, ಅದು ಹೊತ್ತುವಷ್ಟು ಒಣಗುವುದು ಅಪರೂಪ. ಆದ್ದರಿಂದ ಅಲ್ಲಿ ಬರವೇ ಬೆಂಕಿಯ ಮುನ್ಸೂಚನೆ. ನಮ್ಮಲ್ಲಿ ಒಣಗು ಪ್ರತಿ ಮಾರ್ಚಿನಲ್ಲೂ ತಪ್ಪದೆ ಬರುತ್ತದೆ, ವರ್ಷದಿಂದ ವರ್ಷಕ್ಕೆ ಬದಲಾಗುವುದು ನೆಲದ ಮೇಲಿನ ಹುಲ್ಲು. ಮಳೆ ಚೆನ್ನಾಗಿ ಆಗಿ ಹುಲ್ಲು ಸೊಂಟದವರೆಗೆ ಬೆಳೆದ ವರ್ಷದ ಮುಂದಿನ ಬೇಸಿಗೆಗೇ ನಾವು ಹೆಚ್ಚು ಹೆದರಬೇಕು, ಆದರೆ ಒಳ್ಳೆಯ ಮಳೆಯ ವರ್ಷದಲ್ಲಿ ಬೆಂಕಿಯ ಮಾತು ಆಡುವವರು ಯಾರು? ಬೆಂಕಿ ಗೆರೆ ಹೊಡೆಯಲು, ಅಂದರೆ ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದು ಪಟ್ಟಿ ತೆರವು ಮಾಡಲು, ತಕ್ಕ ಸಮಯ ಡಿಸೆಂಬರ್, ಜನವರಿ; ಆಗ ಊರಿಗೂರೇ ತೊಗರಿ ಕೊಯ್ಲಿನಲ್ಲಿರುತ್ತದೆ, ಆಳು ಸಿಗುವುದಿಲ್ಲ. ಬೇಸಿಗೆಗೆಂದು ದಿನಗೂಲಿಯ ಮೇಲೆ ಹಿಡಿಯುವ ಬೆಂಕಿ ಕಾವಲುಗಾರರಲ್ಲಿ ಕೆಲವರನ್ನಾದರೂ ಹಿಂಗಾರು ಮುಗಿದೊಡನೆ ಹಿಡಿದು, ಯಾವ ಇಳಿಜಾರಿನಲ್ಲಿ ಎಷ್ಟು ಹುಲ್ಲಿದೆ, ಚಂದ್ರಂಪಳ್ಳಿ ಜಲಾಶಯಕ್ಕೆ ಇಳಿಯುವ ಹಳ್ಳಗಳಲ್ಲಿ ಯಾವುದರಲ್ಲಿ ಇನ್ನೂ ನೀರಿದೆ ಎಂಬುದನ್ನು ನಡೆದು ನೋಡಿಸಿ ಬರೆಸಿಡುವುದಕ್ಕೆ ಹೆಲಿಕಾಪ್ಟರಿನ ಖರ್ಚೇನೂ ಬೀಳುವುದಿಲ್ಲ. ಮೊದಲು ಗೆರೆ ಹೊಡೆಯಬೇಕಾದ ಇಳಿಜಾರು ಯಾವುದು, ಕೊಯ್ಲಿನ ಹೊತ್ತಿನಲ್ಲಿ ಸಿಕ್ಕಷ್ಟೇ ಆಳುಗಳನ್ನು ಎಲ್ಲಿಗೆ ಕಳಿಸಬೇಕು ಎಂಬುದು ಆ ಬರಹದಿಂದಲೇ ತೀರ್ಮಾನವಾಗುತ್ತದೆ.